ಚಿತ್ರದಿಂದ ವಾಕ್ಯಕ್ಕೆ

‘ಬರೆ’ ಎಂದೊಡನೆ ಎಳೆಯ ಮಕ್ಕಳ ಕೈ ತಡೆದು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಕ್ಷರಗಳನ್ನು ಬಲ್ಲ ಮಗುವಿಗೂ, ಹೇಳತಕ್ಕ ವಿಷಯವು ಕಣ್ಣೆದುರಿಗೆ ಇಲ್ಲದಿದ್ದರೆ ವಾಕ್ಯವು ಹುಟ್ಟುವುದಿಲ್ಲ. 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಪ್ರಕಟವಾದ, ಶಿಕ್ಷಣತಜ್ಞ ಕೊಮೇನಿಯಸ್ಸನ ‘ಆರ್ಬಿಸ್ ಪಿಕ್ಟಸ್’ ಎಂಬ ಸಚಿತ್ರ ಪಾಠಪುಸ್ತಕದಲ್ಲಿ, ಚಿತ್ರದೊಳಗಿನ ವಸ್ತುಗಳಿಗೆ ಅಂಕಿಗಳಿವೆ. ಅವೇ ಅಂಕಿಗಳು ಪಾಠದ ಪದಗಳ ಬಳಿಯಲ್ಲಿಯೂ ಇದ್ದು, ಕಣ್ಣು ಕಂಡುದನ್ನು ನುಡಿಯು ಹಿಂಬಾಲಿಸುತ್ತದೆ. ಇಷ್ಟವಿದ್ದ ಮಕ್ಕಳು ಆ ಚಿತ್ರಗಳನ್ನು ತಮ್ಮ ಕೈಯಿಂದಲೇ ಬರೆದು ನೋಡಲೆಂದು ಆತನು ಮುನ್ನುಡಿಯಲ್ಲಿ ಅನುಮತಿಯಿತ್ತಿದ್ದಾನೆ. ಎಂತಹ ಉದಾರವಾದ ಮಾತು!

ಇಂದಿನ ತರಗತಿಯಲ್ಲಿಯೂ, ಮಾತಿಲ್ಲದ ಚಿತ್ರಪುಸ್ತಕವೊಂದನ್ನು ತೆರೆದಿರಿಸಿ, ಈ ಮೇಕೆಯು ಬೇಲಿಯನ್ನು ಹಾರುವುದಕ್ಕೆ ಮೊದಲು ಎಲ್ಲಿತ್ತು, ಹಾರಿದ ಮೇಲೆ ಏನಾದೀತು, ಆ ಅಜ್ಜಿಯ ಮುಖವೇಕೆ ಕಳೆಗುಂದಿದೆ ಎಂದು ಉಪಾಧ್ಯಾಯರು ಮೆಲ್ಲನೆ ಕೇಳುತ್ತ ಹೋದರೆ, ಮಗುವು ತನಗರಿವಿಲ್ಲದೆಯೇ ಕ್ರಮವನ್ನೂ ಕಾರಣವನ್ನೂ ಕಲಿಯುತ್ತದೆ. ಮೊದಲು ಬಾಯಿಮಾತು, ಆಮೇಲೆ ಒಂದು ವಾಕ್ಯ. ಆ ವಾಕ್ಯದಲ್ಲಿ ಒತ್ತಕ್ಷರವೊಂದು ತಪ್ಪಿದ್ದರೆ ಕೂಡಲೇ ಕೆಂಪು ಶಾಯಿಯನ್ನು ಎತ್ತಿಕೊಳ್ಳಬೇಡಿರೆಂದು ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ. ಮಗು ತಾನು ಬರೆದುದನ್ನು ಎಲ್ಲರೆದುರು ಗಟ್ಟಿಯಾಗಿ ಓದಲಿ. ತಿದ್ದುವ ಕೆಲಸಕ್ಕೆ ನಾಳೆಯ ಪಾಠವಿದೆ.