ಬದುವಿನ ಹೂವು, ಬಳ್ಳಿಯ ಕಾಯಿ
(ಗ್ರಾಮಸೇವಕರೊಬ್ಬರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕುಂಬಳದ ಬಳ್ಳಿ ಹುಲುಸಾಗಿ ಹಬ್ಬಿದೆ, ಹೂವೂ ಬಿಟ್ಟಿದೆ, ಆದರೆ ಹೀಚು ಹಳದಿಯಾಗಿ ಉದುರುತ್ತಿದೆ, ಇದಕ್ಕೆ ಔಷಧಿ ಹೇಳಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಎಲ್ಲ ಸಲವೂ ಇದು ರೋಗವಲ್ಲ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡಿನ ಪರಾಗ ಹೆಣ್ಣಿಗೆ ಮುಟ್ಟಿದರೇ ಕಾಯಿ ನಿಲ್ಲುವುದು. ಆ ಪರಾಗ ಅಂಟಂಟಾದುದು, ಗಾಳಿಗೆ ಹಾರದು. ಜೇನು, ದುಂಬಿಗಳೇ ಅದನ್ನು ಒಯ್ಯಬೇಕು.

ನೀವೇ ಪರೀಕ್ಷಿಸಿ ನೋಡಿರಿ. ಬೆಳಿಗ್ಗೆ 8 ಗಂಟೆಯೊಳಗೆ, ಅರಳಿದ ಗಂಡು ಹೂವನ್ನು ಕಿತ್ತು ಎಸಳು ತೆಗೆಯಿರಿ. ಬುಡದಲ್ಲಿ ಹೀಚಿರುವ ಹೆಣ್ಣು ಹೂವಿನ ನಡುವೆ ಅದನ್ನು ಮೆಲ್ಲನೆ ಸವರಿ, ಗುರುತಿಗೆ ದಾರ ಕಟ್ಟಿರಿ. ಹೀಗೆ ಹತ್ತಾರು ಹೂವಿಗೆ ಮಾಡಿರಿ. ದಾರ ಕಟ್ಟಿದವು ನಿಂತು ಉಳಿದವು ಉದುರಿದರೆ, ನಿಮ್ಮ ಹೊಲದಲ್ಲಿರುವುದು ಗೊಬ್ಬರದ ಕೊರತೆಯಲ್ಲ, ಜೇನು ದುಂಬಿಗಳ ಕೊರತೆ.

ರಾಗಿ, ಜೋಳಗಳಿಗೆ ಇವುಗಳ ಹಂಗಿಲ್ಲ. ಆದರೆ ಹುಚ್ಚೆಳ್ಳಿಗೆ ತನ್ನ ಗಿಡದ ಪರಾಗ ಒಗ್ಗದು. ಜೇನು ಬಂದರೇ ಕಾಳು ತುಂಬುವುದು. ಸೋರೆ ಹೂವು ಅರಳುವುದು ಸಂಜೆ. ಅದಕ್ಕೆ ಪತಂಗಗಳು ಬೇಕು. ಒಂದೇ ಜಾತಿಯಿಂದ ಎಲ್ಲ ಕೆಲಸವೂ ಆಗದು.

ನಮ್ಮ ಬೆಳೆ ಹೂ ಬಿಡುವುದು ಕೆಲವೇ ವಾರ. ಜೇನಿನ ಹೊಟ್ಟೆಪಾಡು ವರ್ಷವೆಲ್ಲ. ಬೇಸಿಗೆಯಲ್ಲಿ ಹೊಂಗೆ, ಬೇವು, ನೇರಳೆ; ಮಳೆ ಬಿದ್ದ ಮೇಲೆ ಬದುವಿನ ತುಂಬೆ; ಮುಂದೆ ಅಕ್ಕಡಿ ಸಾಲಿನ ಹುಚ್ಚೆಳ್ಳು: ಹೀಗೆ ಒಂದಾದ ಮೇಲೊಂದು ಹೂವಿದ್ದರೆ ಅವು ಊರು ಬಿಟ್ಟು ಹೋಗವು. ಒಂಟಿಯಾಗಿ ಬಾಳುವ ಸಣ್ಣ ಜೇನುಗಳು ನೆಲದ ತೂತಿನಲ್ಲಿ, ಒಣ ಕಡ್ಡಿಯೊಳಗೆ ಗೂಡು ಮಾಡುತ್ತವೆ. ಅವು ದೂರ ಹಾರಲಾರವು.

ಬದು ಬೋಳಿಸಿ ಬೆಂಕಿ ಹಾಕಿ, ಹೊಲ ಚೊಕ್ಕಟವಾಗಿರಲಿ ಎಂದು ಹಿಂದೆ ನಾನೇ ನಿಮಗೆ ಹೇಳಿದ್ದೆ. ಅದು ತಪ್ಪೆಂದು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಕೀಳಿರಿ, ತುಂಬೆಯಂಥ ಗಿಡಗಳಿರಲಿ. ಹುಲ್ಲು ಕೊಯ್ಯುವಾಗ ಒಮ್ಮೆಗೆ ಅರ್ಧ ಬದು ಮಾತ್ರ ಕೊಯ್ಯಿರಿ. ಹೂ ಅರಳಿರುವ ಹೊತ್ತಿನಲ್ಲಿ ಔಷಧಿ ಹೊಡೆಯಬೇಡಿರಿ. ಈ ಮಳೆಗಾಲದಲ್ಲಿ ಮನೆಗೊಂದು ಹೊಂಗೆಯನ್ನೋ ನೇರಳೆಯನ್ನೋ ಬೇಲಿಯಲ್ಲಿ ನೆಡಿರಿ.

ಇದಕ್ಕೆ ಸಾಲ ಬೇಡ, ಸಹಾಯಧನವೂ ಬೇಡ. ಬದುವಿಗೆ ಬೆಂಕಿ ಹಾಕುವ ಕೈ ತಡೆದರೆ ಸಾಕು.