ಬೇಕೋ ಬೇಡವೋ: ನಾನು ಲೆಕ್ಕ ಇಟ್ಟ 8 ವಾರ

(ಮಹಿಳಾ ವೇದಿಕೆಯ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ಮಾತಾಡಿ ಅಂತ ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಥೈರಾಯ್ಡೋ ಕುತ್ತಿಗೆ ನೋವೋ ಇರಬೇಕು. ನಾನು ಮದ್ಯಪಾನ ಅಂದೆ. "ಗಂಡಸರ ಕುಡಿತದ ಸಮಸ್ಯೆ ತಾನೇ? ಒಳ್ಳೇದು" ಅಂದರು. ಅಲ್ಲ, ನನ್ನದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಮಾತಾಡಿ" ಅಂದರು. ಅವರಿಗೆ ಮೊದಲ ಧನ್ಯವಾದ.

ನಾನು ಸುಮಾರು ಹತ್ತು ವರ್ಷ ವೈನ್, ಬಿಯರ್ ಕುಡಿದಿದ್ದೇನೆ. ಏಳು ತಿಂಗಳಿಂದ ಕುಡಿದಿಲ್ಲ. ಕುಡಿದು ಬಿದ್ದವಳಲ್ಲ, ಕೆಲಸ ತಪ್ಪಿಸಿದವಳಲ್ಲ, ಯಾರ ಹತ್ತಿರವೂ ಬೈಸಿಕೊಂಡವಳಲ್ಲ. ಹಾಗಾದರೆ ಬಿಡುವುದು ಯಾಕೆ, ಬಿಟ್ಟದ್ದನ್ನು ಇಲ್ಲಿ ಹೇಳುವುದು ಯಾಕೆ? ಆ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 19.9 ಮಂದಿ ಮದ್ಯ ಕುಡಿಯುತ್ತಾರೆ. ಹೆಂಗಸರಲ್ಲಿ ಶೇ. 0.2. ಅಂದರೆ ಸಾವಿರ ಹೆಂಗಸರಲ್ಲಿ ಇಬ್ಬರು. ಇನ್ಫೋಪಾರ್ಕಿನ ಯಾವುದಾದರೂ ಟೀಮ್ ಡಿನ್ನರಿಗೆ ಹೋದವರಿಗೆ ಈ ಲೆಕ್ಕ ಕೇಳಿ ನಗು ಬರುತ್ತದೆ. ಮನೆ ಬಾಗಿಲಿಗೆ ಬಂದು, ಒಳಗೆ ಅತ್ತೆ ಕೂತಿರುವಾಗ, "ನೀವು ಮದ್ಯ ಕುಡಿಯುತ್ತೀರಾ?" ಅಂತ ಕೇಳಿದರೆ ಯಾರು ಹೂಂ ಅನ್ನುತ್ತಾರೆ? ನನ್ನ ಮನೆಗೆ ಬಂದಿದ್ದರೆ ನಾನೂ ಇಲ್ಲ ಅಂದುಬಿಡುತ್ತಿದ್ದೆನೋ ಏನೋ.

ನಮ್ಮಲ್ಲಿ ಇರುವುದು ಎರಡೇ ಪೆಟ್ಟಿಗೆ. ಒಂದರಲ್ಲಿ ಮುಟ್ಟದವರು, ಇನ್ನೊಂದರಲ್ಲಿ ಕುಡುಕರು. ನಡುವೆ ಇರುವವರು ಬಾಯಿ ಬಿಡುವುದಿಲ್ಲ, ಬಿಟ್ಟರೆ ಎರಡನೇ ಪೆಟ್ಟಿಗೆಗೆ ಹಾಕುತ್ತಾರೆ. ಹೀಗಾಗಿ ವಾರಕ್ಕೆ ಎಷ್ಟಾಗುತ್ತಿದೆ, ಕಡಿಮೆ ಮಾಡಬೇಕಾ ಅಂತ ಒಬ್ಬಳು ಇನ್ನೊಬ್ಬಳನ್ನು ಕೇಳುವ ಹಾಗೂ ಇಲ್ಲ. ಸಕ್ಕರೆ ಬಗ್ಗೆ, ಉಪ್ಪಿನ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ ನೋಡಿ.

ಮದ್ಯದ ವಿಷಯದಲ್ಲಿ ಕೇರಳ ವಿಚಿತ್ರ ರಾಜ್ಯ. ಇಲ್ಲಿ ನಮ್ಮ ಪರವಾಗಿ ಯಾರಾದರೂ ತೀರ್ಮಾನ ಮಾಡುತ್ತಲೇ ಇರುತ್ತಾರೆ. ಮದ್ಯ ವಿಷ, ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಸಾರಿದ ನಾರಾಯಣ ಗುರುಗಳು ಹುಟ್ಟಿದ ಚೆಂಪಳಂದಿ ಟೆಕ್ನೋಪಾರ್ಕಿನಿಂದ ದೂರವೇನಿಲ್ಲ. 1996ರಲ್ಲಿ ಸಾರಾಯಿ ನಿಷೇಧ ಆಯಿತು. 2014ರಲ್ಲಿ ಪಂಚತಾರಾ ಹೋಟೆಲು ಬಿಟ್ಟು ಉಳಿದ ಬಾರುಗಳನ್ನು ಮುಚ್ಚುವ ನೀತಿ ಬಂತು, 2017ರಲ್ಲಿ ಮತ್ತೆ ಸಡಿಲವಾಯಿತು. ಬಾಟಲಿ ಮಾರುವುದು ಮುಖ್ಯವಾಗಿ ಸರ್ಕಾರದ್ದೇ ನಿಗಮ, 1984ರಿಂದ ಇರುವ ಬೆವ್ಕೊ. 2020ರ ಮೇ ತಿಂಗಳಲ್ಲಿ ಅದರ ಸಾಲಿಗೂ ಒಂದು ಆಪ್ ಬಂತು, ಬೆವ್‌ಕ್ಯೂ, ನಮ್ಮ ಕೊಚ್ಚಿಯ ಸ್ಟಾರ್ಟಪ್ಪಿನದು. ಮೊದಲ ದಿನಗಳಲ್ಲಿ ಒಟಿಪಿ ಬರದೆ ಜನ ಪರದಾಡಿದ್ದು ನಿಮಗೆ ನೆನಪಿರಬಹುದು. ಆ ಲೋಡ್ ನೆನೆದರೆ ನನಗೆ ಆ ಹುಡುಗರ ಮೇಲೆ ಈಗಲೂ ಕನಿಕರ.

ಇವೆಲ್ಲದರ ನಡುವೆ ನನಗೆ ಕೆಲಸಕ್ಕೆ ಬಂದದ್ದು ತಿಂಗಳ 1ನೇ ತಾರೀಕು. ಇಲ್ಲಿ ಅವತ್ತು ಡ್ರೈ ಡೇ. ಹಿಂದಿನ ಸಂಜೆ ಬೆವ್ಕೊ ಮುಂದೆ ಸಾಲು ಉದ್ದವಾಗುತ್ತದೆ. ಆಗ ನಾನು ಕಾಕನಾಡಿನಲ್ಲಿದ್ದೆ. 30ನೇ ತಾರೀಕು ಸಂಜೆ ಫ್ರಿಜ್ ತೆಗೆದು, ನಾಳೆ ಸಿಗುವುದಿಲ್ಲ, ಒಂದು ಬಾಟಲಿ ಇದೆಯಲ್ಲ ಅಂತ ನೋಡಿಕೊಳ್ಳುತ್ತಿದ್ದೆ. ಮರುದಿನ ಕುಡಿಯುವ ಯೋಚನೆಯೇನೂ ಇರುತ್ತಿರಲಿಲ್ಲ. ಬೇಕೋ ಬೇಡವೋ ಅಂತ ಕೇಳಿಕೊಳ್ಳುವ ಮೊದಲೇ ಇದೆಯೋ ಇಲ್ಲವೋ ಅಂತ ನೋಡುವುದು ನನಗೆ ಕುತೂಹಲ ಹುಟ್ಟಿಸಿತು. ನಮ್ಮ ವೃತ್ತಿಯಲ್ಲಿ ಏನಾದರೂ ಅರ್ಥವಾಗದಿದ್ದರೆ ಮೊದಲು ಲಾಗ್ ನೋಡುತ್ತೇವೆ. ನಾನೂ 8 ವಾರ ಲೆಕ್ಕ ಬರೆದೆ.

ಲೆಕ್ಕಕ್ಕೆ ಅಳತೆ ಬೇಕು. ನಮ್ಮ ದೇಶದಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 42.8ರ ವಿಸ್ಕಿ, ರಮ್ಮಿನ 30 ಮಿ.ಲೀ. ಪೆಗ್ಗಿನಲ್ಲಿ ಅಷ್ಟಿರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ನಾಲ್ಕು ಪೆಗ್. "ಬರೀ ಬಿಯರ್" ಅನ್ನುವವರು ಇದನ್ನು ಬರೆದಿಟ್ಟುಕೊಳ್ಳಿ. ನನ್ನ ವೈನ್ ಗ್ಲಾಸಿಗೆ ನಾನು ಎಂದಿನಂತೆ ಸುರಿದದ್ದನ್ನು ಕೇಕಿಗೆ ಹಿಟ್ಟು ಅಳೆಯುವ ಕಪ್ಪಿನಿಂದ ಅಳೆದೆ. 240 ಮಿ.ಲೀ. ಶೇ. 13ರ ವೈನಾದರೆ ಅದು ಸುಮಾರು 25 ಗ್ರಾಂ. ಎರಡು ಗ್ಲಾಸು ಅಂದರೆ ಐದು ಡ್ರಿಂಕ್.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟದ ಲೇಬಲ್ ಓದಿ. ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಬರೆದಿರುತ್ತದೆ. ಪ್ರಮಾಣ ಚಮಚದ ಲೆಕ್ಕದಲ್ಲಿ, ಹೆದರಬೇಕಿಲ್ಲ. ಆದರೆ "ನಮ್ಮ ಮನೆಯಲ್ಲಿ ಹೆಂಗಸರು ಒಂದು ಹನಿಯೂ ಮುಟ್ಟಿಲ್ಲ" ಅನ್ನುವ ಅತ್ತೆಯವರಿಗೆ ಇದನ್ನು ನಿಧಾನವಾಗಿ ಹೇಳಿ.

ಅಳತೆ ಯಾಕೆ ಮುಖ್ಯ ಅಂದರೆ, ಅಷ್ಟೇ ಕುಡಿದರೂ ನಮ್ಮ ರಕ್ತದಲ್ಲಿ ಆಲ್ಕೋಹಾಲ್ ಗಂಡಸರಿಗಿಂತ ಹೆಚ್ಚು ಏರುತ್ತದೆ. ನಮ್ಮ ಮೈಯಲ್ಲಿ ನೀರಿನ ಪಾಲು ಕಡಿಮೆ, ಹೊಟ್ಟೆಯಲ್ಲೇ ಆಲ್ಕೋಹಾಲನ್ನು ಒಡೆಯುವ ಕಿಣ್ವವೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1988ರಲ್ಲೇ ಮದ್ಯವನ್ನು ತಂಬಾಕಿರುವ ಮೊದಲ ಗುಂಪಿಗೆ ಸೇರಿಸಿದೆ. ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಕುಡಿದರೂ ಸ್ವಲ್ಪ ಏರುತ್ತದೆ. ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಅಂತ ಅದೇ ಸಂಸ್ಥೆ 2023ರ ಜನವರಿಯಲ್ಲಿ ಬಿಡಿಸಿ ಹೇಳಿತು. ಹೆದರಿಸಲು ಹೇಳುತ್ತಿಲ್ಲ. ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಅಂತ ವಾಟ್ಸಾಪಿನಲ್ಲಿ ಬರುವುದನ್ನು ನಂಬಿ ಶುರುಮಾಡಬೇಡಿ ಅಂತಷ್ಟೇ.

8 ವಾರ ಮುಗಿದಾಗ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿ ತುಂಬಿದೆ. 40ಕ್ಕೆ 8 ಬಂದರೆ ಎಚ್ಚರಿಕೆ. ನನಗೆ 6 ಬಂತು. ಪಾಸ್! ಆದರೆ ಮೊದಲ ಮೂರೇ ಪ್ರಶ್ನೆಗಳ ಒಂದು ಚಿಕ್ಕ ರೂಪ ಇದೆ. ಎಷ್ಟು ಸಲ, ಒಂದು ಸಲಕ್ಕೆ ಎಷ್ಟು, 6 ಅಥವಾ ಅದಕ್ಕಿಂತ ಹೆಚ್ಚು ಡ್ರಿಂಕ್ ಆಗುವುದು ಎಷ್ಟು ಸಲ ಅಂತ. ಅಲ್ಲಿ ಗಂಡಸರಿಗೆ 4, ಹೆಂಗಸರಿಗೆ 3 ಬಂದರೇ ಎಚ್ಚರಿಕೆ. ನನ್ನ ಆರೂ ಅಂಕ ಆ ಮೂರು ಪ್ರಶ್ನೆಗಳಿಂದಲೇ ಬಂದಿತ್ತು. ಒಂದು ಅಳತೆಯಲ್ಲಿ ಪಾಸು, ಇನ್ನೊಂದರಲ್ಲಿ ಇಲ್ಲ. ಅಂಕ ನನ್ನ ಪರವಾಗಿ ತೀರ್ಮಾನ ಮಾಡುವುದಿಲ್ಲ ಅಂತ ಆಗ ಗೊತ್ತಾಯಿತು.

ನನ್ನ ಲೆಕ್ಕದ ಹಾಳೆಯಲ್ಲಿ ಒಂದು ಕಾಲಂ ಇತ್ತು, "ಯಾಕೆ" ಅಂತ. ಪಾರ್ಟಿ, ಖುಷಿ ಅಂತ ಬರೆದದ್ದು ಬೆರಳೆಣಿಕೆ. ಉಳಿದದ್ದೆಲ್ಲ ತಡರಾತ್ರಿಯ ಅಮೆರಿಕದ ಕಾಲ್ ಮುಗಿದ ಮೇಲಿನದು. ನಿದ್ದೆ ಬರಲಿ ಅಂತ. ಮದ್ಯದಿಂದ ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಕೆಡುತ್ತದೆ. ಮೂರು ಗಂಟೆಗೆ ಎಚ್ಚರವಾಗುವುದು ಕೆಲಸದ ಒತ್ತಡದಿಂದಲೋ ವೈನಿನಿಂದಲೋ ಅಂತ ತಿಳಿಯಬೇಕಿದ್ದರೆ ಒಂದನ್ನು ತೆಗೆದು ನೋಡಬೇಕು. ಕೆಲಸ ತೆಗೆಯುವ ಹಾಗಿರಲಿಲ್ಲ.

ಕಡಿಮೆ ಮಾಡುವುದಾ, ಪೂರ್ತಿ ಬಿಡುವುದಾ? ಮೊದಲು ಕಡಿಮೆ ಮಾಡಿ ನೋಡಿದೆ. ವಾರಕ್ಕೆ ಎರಡು ದಿನ, ಒಂದೇ ಗ್ಲಾಸು. ಕೆಲವರಿಗೆ ಇದು ಸರಿಹೋಗುತ್ತದೆ. ನನಗೆ ಮಾತ್ರ ಪ್ರತಿ ಸಂಜೆ ನನ್ನೊಳಗೇ ಒಂದು ಮೀಟಿಂಗ್ ನಡೆಯುತ್ತಿತ್ತು. ಇವತ್ತಾ ನಾಳೆಯಾ, ಶುಕ್ರವಾರದ್ದನ್ನು ಗುರುವಾರಕ್ಕೆ ತರಬಹುದಾ ಅಂತ. ಒಂದು ಸಲ ಬೇಡ ಅನ್ನುವುದು ಇದಕ್ಕಿಂತ ಕಡಿಮೆ ಕೆಲಸ. ಅಷ್ಟರಲ್ಲಿ ಟೆಕ್ನೋಪಾರ್ಕಿಗೆ ವರ್ಗವಾಯಿತು. ಹೊಸ ಊರು, ಹೊಸ ಟೀಮು, ನಾನು ಕುಡಿಯುತ್ತಿದ್ದೆ ಅಂತ ಯಾರಿಗೂ ಗೊತ್ತಿಲ್ಲ. ಕಳಕೂಟಂನ ಮೊದಲ ಡಿನ್ನರಿನಲ್ಲಿ ಸೋಡಾ ಹಾಕಿದ ನಿಂಬೆ ಶರಬತ್ತು ಹೇಳಿದೆ. ಪಕ್ಕದವಳು ಕಿವಿಯಲ್ಲಿ, "ವಿಶೇಷಂ ಉಂಡೋ?" ಅಂದಳು. ಕುಡಿದರೆ ಒಂದು ಮಾತು, ಬಿಟ್ಟರೆ ಬಸುರಿ! ಇಲ್ಲ ಮೋಳೇ, ನಿದ್ದೆ ಬೇಕು ಅಂದೆ. ಅವಳಿಗೂ ಬೇಕಿತ್ತು ಅಂತ ಕಾಣುತ್ತದೆ, ಮುಂದಿನ ಸಲ ಎರಡು ಶರಬತ್ತು ಬಂತು. ಮೂರು ಗಂಟೆಯ ಎಚ್ಚರ ಈಗ ಅಪರೂಪ. ಪೂರ್ತಿ ಹೋಗಿಲ್ಲ, ಅಮೆರಿಕದ ಕಾಲ್ ಇನ್ನೂ ಇದೆಯಲ್ಲ.

ಈಗ ತುಂಬಾ ಮುಖ್ಯವಾದ ಮಾತು. ನಾನು ಒಂದು ದಿನ ನಿಲ್ಲಿಸಿದೆ ಅಂದದ್ದನ್ನು ಕೇಳಿ, ದಿನಾ ಹೆಚ್ಚು ಕುಡಿಯುವ ಯಾರನ್ನೂ ನಾಳೆಯಿಂದ ಬಿಟ್ಟುಬಿಡಿ ಅಂತ ಕೂಡಿಹಾಕಬೇಡಿ. ಅವರಲ್ಲಿ ಕೈ ನಡುಕ, ಬೆವರು, ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. 2020ರ ಲಾಕ್‌ಡೌನಿನಲ್ಲಿ ಅಂಗಡಿ ಏಕಾಏಕಿ ಮುಚ್ಚಿದಾಗ ಕೇರಳ ಇದನ್ನು ಕಣ್ಣಾರೆ ಕಂಡಿತು. ಚೀಟಿ ಇದ್ದವರಿಗೆ ಮದ್ಯ ಕೊಡುವ ಸರ್ಕಾರದ ಆದೇಶವನ್ನು ವೈದ್ಯರೇ ವಿರೋಧಿಸಿದರು, ಹೈಕೋರ್ಟ್ ತಡೆಯಿತು. ವೈದ್ಯರು ಕೊಡಬೇಕಾದದ್ದು ಚಿಕಿತ್ಸೆ. ಅದಕ್ಕೆ ಔಷಧ ಇದೆ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405. ಟೆಲಿಮಾನಸ್ 14416, ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳ ಬಗ್ಗೆ ಊರಿನ ಕಡೆಯವರಿಗೆ ಗೊತ್ತೇ ಇದೆ.

ಹಿರಿಯರೊಬ್ಬರು ಬೆಳಿಗ್ಗೆಯೇ ನನ್ನನ್ನು ಕೇಳಿದರು: "ಕುಡುಕ ಗಂಡನ ಜೊತೆ ಬಾಳಿದವರ ಮುಂದೆ ಇದನ್ನೆಲ್ಲ ಹೇಳಬೇಕಾ ಮಗಾ?" ನ್ಯಾಯವಾದ ಪ್ರಶ್ನೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯನಿಷೇಧ ಕೇಳುತ್ತಾ ಸಾವಿರಾರು ಹೆಂಗಸರು ನಡೆದು ಬಂದರು. ಅವರ ಸಂಬಳ, ಅವರ ಮೈ, ಅವರ ಮಕ್ಕಳ ಊಟ ಆ ಬಾಟಲಿಗೆ ಹೋಗಿತ್ತು. ನನ್ನ ವೈನ್ ಗ್ಲಾಸಿನ ಕಷ್ಟವನ್ನು ಅದರ ಪಕ್ಕ ಇಡುವಷ್ಟು ಬುದ್ಧಿಗೇಡಿ ನಾನಲ್ಲ. ಆದರೆ ಅವರ ನೋವಿನ ಕಾರಣಕ್ಕೆ ನಾವು ಬಾಯಿ ಮುಚ್ಚಿಕೊಂಡರೆ, ನಮ್ಮ ಹೆಣ್ಣುಮಕ್ಕಳು ಇದನ್ನು ಆಫೀಸಿನ ಪಾರ್ಟಿಯಲ್ಲೇ ಕಲಿಯುತ್ತಾರೆ, ಅಳತೆ ಗೊತ್ತಿಲ್ಲದೆ. ಐಟಿ ಪಾರ್ಕುಗಳ ಒಳಗೇ ಮದ್ಯಕ್ಕೆ ಅವಕಾಶ ಕೊಡುವ ನೀತಿಯನ್ನು ಸರ್ಕಾರ 2022ರಲ್ಲೇ ಪ್ರಕಟಿಸಿದೆ.

ಜೀವಮಾನವಿಡೀ ಮುಟ್ಟುವುದಿಲ್ಲ ಅಂತ ನಾನು ಆಣೆ ಮಾಡಿಲ್ಲ. ಡಿಸೆಂಬರಿನಲ್ಲಿ ಪಕ್ಕದ ಮನೆಯ ಚೇಚಿ ಕೇಕಿನ ಜೊತೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ತರುತ್ತಾರೆ. ಈ ಸಲ ಕೇಕ್ ಸಾಕು ಅಂತ ಈಗಲೇ ಹೇಳಿಟ್ಟಿದ್ದೇನೆ. ಲೆಕ್ಕದ ಹಾಳೆ ಯಾರಿಗಾದರೂ ಬೇಕಿದ್ದರೆ ಗ್ರೂಪಿನಲ್ಲಿ ಕೇಳಬೇಡಿ, ನನಗೊಬ್ಬಳಿಗೇ ಮೆಸೇಜ್ ಮಾಡಿ, ಕಳಿಸುತ್ತೇನೆ. ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಇಲ್ಲೇ ಇರುತ್ತೇನೆ.