ಒಂದು ಹಸುವಿನ ರೋಗ, ಇಡೀ ದೇಶದ ರೈತರ ಪಾಡು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ದೊಡ್ಡ ಭಾಷಣಕಾರರಲ್ಲ. ದೂರದ ಕೆನಡಾ ದೇಶದ ದನ ಸಾಕುವ ರೈತರ ಒಂದು ಸಂಗತಿ ಹೇಳಿ ಕೂತ್ಕೋತೀವಿ. ಅವರು ಮಾಂಸಕ್ಕೆ ದನ ಸಾಕುವವರು, ನಾವು ಹಾಲಿಗೆ ಸಾಕುವವರು. ಪದ್ಧತಿ ಬೇರೆ. ಆದರೆ ಕೊಟ್ಟಿಗೆ ನಂಬಿ ಸಾಲ ಮಾಡಿದ ರೈತನ ಕಷ್ಟ ಎಲ್ಲಾ ಕಡೆ ಒಂದೇ.

2003ರ ಮೇ 20ರಂದು ಅಲ್ಲಿನ ಅಲ್ಬರ್ಟಾ ಪ್ರಾಂತ್ಯದ ಒಂದೇ ಒಂದು ಹಸುವಿಗೆ ‘ಹುಚ್ಚು ಹಸು ರೋಗ’ ಇದೆಯೆಂದು ಸರ್ಕಾರ ಪ್ರಕಟಿಸಿತು. ರೋಗದ ದನಗಳ ಮಾಂಸ-ಮೂಳೆ ಪುಡಿಯನ್ನು ಮೇವಿನಲ್ಲಿ ದನಗಳಿಗೇ ತಿನ್ನಿಸಿದರೆ ಹರಡುವ ರೋಗ ಅದು. ಕೂಡಲೇ ಅಮೆರಿಕ ಗಡಿ ಮುಚ್ಚಿತು. ಜಪಾನ್ ಮೊದಲಾದ ದೇಶಗಳೂ ಆಮದು ನಿಲ್ಲಿಸಿದವು.

ರೋಗ ಬಂದದ್ದು ಒಂದಕ್ಕೆ, ಬೆಲೆ ಬಿದ್ದದ್ದು ಇಡೀ ದೇಶದ ದನಗಳಿಗೆ! ಯಾಕೆ? ಅಲ್ಲಿನ ದನ-ಮಾಂಸದಲ್ಲಿ ಹೆಚ್ಚುಕಮ್ಮಿ ಅರ್ಧ ಹೊರದೇಶಕ್ಕೇ ಹೋಗಬೇಕಿತ್ತು. ಬಹುಪಾಲು ಅಮೆರಿಕ ಒಂದಕ್ಕೇ. ಆ ಬಾಗಿಲು ಮುಚ್ಚಿದಾಗ ಅಷ್ಟು ದನ ಕೊಳ್ಳುವಷ್ಟು ಕಸಾಯಿಖಾನೆಗಳು ಒಳಗಿರಲಿಲ್ಲ. ಮುದಿ ಹಸುಗಳನ್ನಂತೂ ಕೇಳುವವರೇ ಇಲ್ಲ. ಮಾರೋ ಹಾಗಿಲ್ಲ, ಮೇವು ಹಾಕೋಕೆ ದುಡ್ಡಿಲ್ಲ. ಆ ದೇಶದ ಜನ ತಿನ್ನೋದು ಬಿಡಲಿಲ್ಲ, ಆ ವರ್ಷ ಇನ್ನೂ ಹೆಚ್ಚೇ ತಿಂದರು. ಆದರೂ ರೈತನ ಬೆಲೆ ಬಿದ್ದಷ್ಟು ಅಂಗಡಿ ಬೆಲೆ ಇಳಿಯಲಿಲ್ಲ.

ಮೂವತ್ತು ತಿಂಗಳೊಳಗಿನ ದನಗಳಿಗೆ ಅಮೆರಿಕದ ಗಡಿ ತೆರೆದದ್ದು 2005ರ ಜುಲೈನಲ್ಲಿ; ಅದಕ್ಕಿಂತ ಹೆಚ್ಚು ವಯಸ್ಸಿನವಕ್ಕೆ 2007ರ ನವೆಂಬರಿನಲ್ಲಿ. ಬಾಗಿಲು ಮುಚ್ಚೋಕೆ ಒಂದು ದಿನ ಸಾಕು, ತೆರೆಯೋಕೆ ವರ್ಷಗಳು ಬೇಕು.

ಬಾಂಧವರೇ, ಇದು ನಮಗೂ ಪಾಠ. ಒಬ್ಬರು ಹುಳಿ ಹಾಲು ತಂದು ಸುರಿದರೆ ಕೂಲರಿನ ಅಷ್ಟೂ ಹಾಲು ಕೆಡುತ್ತದೆ, ನಷ್ಟ ಎಲ್ಲರದು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದರೆ ಹಾಲು ಕಮ್ಮಿಯಾಗುತ್ತೆ ಅಂತ ಡಾಕ್ಟರನ್ನು ವಾಪಸ್ ಕಳಿಸುವವರು ಇದ್ದಾರೆ. ಸುಳ್ಳೇಕೆ, ಒಂದು ಸಲ ನಾವೂ ಹಾಗೆ ಕಳಿಸಿದವರೇ! ಈಗ ಆ ತಪ್ಪು ಮಾಡುವುದಿಲ್ಲ. ಎರಡು ದಿನ ಒಂದಿಷ್ಟು ಹಾಲು ಕಮ್ಮಿಯಾದರೆ ಆಗಲಿ. ರೋಗ ಬಂದರೆ ಪಕ್ಕದ ಮನೆಯ ಕೊಟ್ಟಿಗೆಯೂ ಉಳಿಯೋದಿಲ್ಲ.

ಆದ್ದರಿಂದ ಲಸಿಕೆ ಹಾಕಿಸಿ, ಕಿವಿಯೋಲೆ ಹಾಕಿಸಿ, ಶುದ್ಧ ಹಾಲು ತನ್ನಿ. ಇಪ್ಪತ್ತೈದು ವರ್ಷ ಸಂಘವನ್ನು ನಡೆಸಿದ್ದು ಒಬ್ಬರ ಮೇಲೊಬ್ಬರಿಗಿರುವ ನಂಬಿಕೆ. ಅದನ್ನು ಕೆಡಿಸಿಕೊಳ್ಳುವುದು ಬೇಡ ಎಂದು ಕೈಮುಗಿದು ಕೇಳಿಕೊಂಡು ನಮ್ಮ ಎರಡು ಮಾತು ಮುಗಿಸುತ್ತೇವೆ. ಜೈ ಸಹಕಾರ!